ಕಟ್ಟೆಯಿಂದ ಹತ್ತುವ ಗಾಡಿ

ಎದುರು ಮನೆಯವರ ಅಳಿಯ ಹೋದ ವಾರ ತನ್ನ ಹಳೆಯ ಪಿಕಪ್ ಗಾಡಿಯನ್ನು ಎತ್ತರ ಮಾಡಿಸಿಕೊಂಡು ಬಂದ. ಹುಬ್ಬಳ್ಳಿಯ ಯಾವುದೋ ಗ್ಯಾರೇಜಿನಲ್ಲಿ ಕೆಳಗಿನ ಕಮಾನು ಬದಲಿಸಿ, ದೊಡ್ಡ ದೊಡ್ಡ ಟೈರು ಕೂಡಿಸಿದ್ದಾರಂತೆ. ನಮ್ಮ ಬಾಗಲಕೋಟೆ ನವನಗರದ ಡಾಂಬರು ರಸ್ತೆಯ ಮೇಲೆ ಅದಕ್ಕೆ ಏನು ಕೆಲಸವೋ ಶಿವನೇ ಬಲ್ಲ. ಓಣಿಯ ಜನ ಸುತ್ತ ನಿಂತು ಕೈಯಾಡಿಸಿ ನೋಡಿದರು. ನಾನೂ ಹೋದೆ. ರಬ್ಬರು, ಗ್ರೀಸು, ಬೆಸುಗೆ ಹಾಕಿದ ಕಬ್ಬಿಣ, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಮುದುಕಿಗೆ ಮರ್ಯಾದೆ ಕೊಡಬೇಕೆಂದು ಅವನು ಬಾಗಿಲು ತೆಗೆದು, "ಬರ್ರಿ ಆಯಿ, ಒಂದು ರೌಂಡ್ ಹೊಡದು ಬರೂಣು" ಎಂದ. "ಹತ್ತಾಕ ಕಟ್ಟಿ ಎಲ್ಲೈತಪಾ?" ಎಂದು ಕೇಳಿದೆ. ಎಲ್ಲರೂ ನಕ್ಕರು, ಆಯಿ ಚೇಷ್ಟೆ ಮಾಡಿದಳು ಎಂದುಕೊಂಡರು. ನಾನು ಚೇಷ್ಟೆ ಮಾಡಿರಲಿಲ್ಲ.

ಎತ್ತರದ ಗಾಡಿ ಅಂದಕೂಡಲೆ ನನಗೆ ನೆನಪಾಗುವುದು ಒಂದು ಹಳ್ಳ, ಒಂದು ಕಟ್ಟೆ, ಒಂದು ಮಳೆಗಾಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಎಮರ್ಜೆನ್ಸಿ ಹೋಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ನಾನು ಸರಕಾರಿ ನರ್ಸಾಗಿ ಹುನಗುಂದ ತಾಲೂಕಿನ ಒಂದು ನೇಕಾರರ ಊರಿನಲ್ಲಿದ್ದೆ. ಐಹೊಳೆಯ ಗುಡ್ಡ ಅಲ್ಲಿಂದ ಕಾಣುತ್ತಿತ್ತು. ಊರಿಗೂ ಹುನಗುಂದದ ರಸ್ತೆಗೂ ನಡುವೆ ಮಲಪ್ರಭೆಗೆ ಸೇರುವ ಹಳ್ಳ. ಬೇಸಿಗೆಯಲ್ಲಿ ಅದರ ಉಸುಕಿನಲ್ಲಿ ಕುರಿಗಳು ಮಲಗುತ್ತಿದ್ದವು. ಮಳೆ ಹಿಡಿಯಿತೆಂದರೆ ಅದೇ ಹಳ್ಳ ಊರನ್ನು ಲೋಕದಿಂದ ಕಡಿದುಹಾಕುತ್ತಿತ್ತು. ಆಚೆಗೂ ಈಚೆಗೂ ಎರೆಮಣ್ಣು. ಒಮ್ಮೆ ತೊಯ್ದರೆ ಅದು ಚಪ್ಪಲಿ ಬಿಡುವುದಿಲ್ಲ, ಚಕ್ಕಡಿ ಬಿಡುವುದಿಲ್ಲ, ಮೋಟಾರಂತೂ ದೂರದ ಮಾತು.

ನನಗೆ ಕೊಟ್ಟ ಮನೆ ಊರಿನ ತುದಿಗೆ, ಹಳ್ಳದ ದಂಡೆಗಿತ್ತು. ಹೆರಿಗೆ ಕೋಣೆಯೂ ಅದೇ, ನಾನಿರುವುದೂ ಅದೇ. ನೀರು ಒಳಗೆ ಬರಬಾರದೆಂದು ಯಾರೋ ಪುಣ್ಯಾತ್ಮರು ಬಾಗಿಲ ಮುಂದೆ ಹೆಚ್ಚುಕಡಿಮೆ ನನ್ನ ಎದೆಮಟ್ಟದ ಕಲ್ಲುಕಟ್ಟೆ ಕಟ್ಟಿಸಿ, ಪಕ್ಕದಲ್ಲಿ ಮೆಟ್ಟಿಲು ಇಳಿಸಿದ್ದರು. ಆ ಕಟ್ಟೆಯನ್ನು ನಾನು ಬೈಯದ ದಿನವಿರಲಿಲ್ಲ. ನೀರಿನ ಕೊಡ ಹೊತ್ತು ಹತ್ತುವಾಗ ಒಮ್ಮೆ, ಖಾಲಿ ಕೊಡ ಹಿಡಿದು ಇಳಿಯುವಾಗ ಒಮ್ಮೆ. ಇಷ್ಟು ಎತ್ತರವಿರುವುದಕ್ಕೇ ಬಸುರಿಯರು ಬೇನೆ ಏಳುವತನಕ ನನ್ನ ಹತ್ತಿರ ಬರುವುದಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಖರೆ ಕಾರಣ ಬೇರೆಯಿತ್ತು. ಎಮರ್ಜೆನ್ಸಿಯಲ್ಲಿ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿದ ಸುದ್ದಿಗಳು ಆ ಊರಿಗೂ ಬಂದು ಮುಟ್ಟಿದ್ದವು. ನಾನು ಓಣಿಗೆ ಕಾಲಿಟ್ಟರೆ ಮಗ್ಗದ ಸಪ್ಪಳ ನಿಲ್ಲುತ್ತಿತ್ತು, ನೇಕಾರರು ಹಿತ್ತಲ ಬಾಗಿಲಿನಿಂದ ಹೊಲದ ಹಾದಿ ಹಿಡಿಯುತ್ತಿದ್ದರು. ಒಬ್ಬಾತ ಕಣಿಕೆಯ ಬಣವೆಯಲ್ಲಿ ಅಡಗಿ, ಸೀನು ಬಂದು ಸಿಕ್ಕಿಬಿದ್ದಿದ್ದೂ ಉಂಟು. ನಗಬೇಕಾದ ಸಂಗತಿಯೇ. ಆದರೆ ಜೊತೆಗೂಡಿ ನಗಲು ನನಗೆ ಅಲ್ಲಿ ಯಾರೂ ಇರಲಿಲ್ಲ.

ನನ್ನದೂ ಒಂದು ಮಾತು ಹೇಳಿಬಿಡಬೇಕು. ಮದುವೆಯಾದ ವರ್ಷವೇ ಗಂಡ ಕಾಮಾಲೆಯಾಗಿ ತೀರಿಕೊಂಡಿದ್ದ. ಬಾಗಲಕೋಟೆಯ ತವರಿನಲ್ಲಿ ಮೂಲೆ ಹಿಡಿದು ಕೂತವಳನ್ನು ಅಣ್ಣ ಎಬ್ಬಿಸಿ ನರ್ಸ್ ತರಬೇತಿಗೆ ಹಚ್ಚಿದ. ಹೆರಿಗೆ ಮಾಡಿಸಲು ನನ್ನ ಕೈ ನಡೆಯುತ್ತಿತ್ತು. ತೊಟ್ಟಿಲಿಗೆ ಹಾಕುವಾಗ, ಆರತಿ ಎತ್ತುವಾಗ ಮುತ್ತೈದೆಯರೇ ಆಗಬೇಕು. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿಸಿಕೊಳ್ಳುವುದು ಬೇಡವೆಂದು ನಾನೇ ಹೋಗುತ್ತಿರಲಿಲ್ಲ.

ಆ ಊರಿನಲ್ಲಿ ನನ್ನ ಕಟ್ಟೆ ಹತ್ತಿ ಸುಮ್ಮನೆ ಮಾತಾಡಲು ಬರುತ್ತಿದ್ದವಳು ಗಂಗವ್ವ ಒಬ್ಬಳೇ. ನೇಕಾರರ ನೀಲವ್ವನ ಸೊಸೆ. ಬಾದಾಮಿ ಕಡೆಯವಳು, ತಾಯಿ ಇಲ್ಲದ ಮಗಳು. ದಿನದ ನೂಲು ಸುತ್ತಿ ಮುಗಿಸಿ ಸಂಜೆ ಬಂದು, ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಅವಳ ಸೀರೆಗೆ ಯಾವಾಗಲೂ ನೂಲಿನ ಗಂಜಿಯ ವಾಸನೆ. ಅತ್ತೆಯ ಮೇಲಿನ ದೂರು, ಗಂಡನ ಮೇಲಿನ ದೂರು, ಕೊನೆಗೆ ದೂರು ಮುಗಿದರೆ ಮಗ್ಗದ ಮೇಲಿನ ದೂರು. ಅವಳು ಬಂದ ದಿನ ನನಗೆ ಸಂಜೆ ಆಗುತ್ತಿತ್ತು. ಬಾರದ ದಿನ ನೆಟ್ಟಗೆ ಕತ್ತಲೆಯೇ ಆಗುತ್ತಿತ್ತು.

ಹಿಂದಿನ ವರ್ಷದ ಶ್ರಾವಣದಲ್ಲಿ ಅವಳ ಚೊಚ್ಚಲ ಕೂಸು ಉಸಿರಿಲ್ಲದೆ ಹುಟ್ಟಿತ್ತು. ಕೂಸಿನ ಕಾಲು ಮುಂದಾಗಿತ್ತು. ಇದು ನನ್ನ ಕೈಮೀರಿದ್ದು, ಹುನಗುಂದದ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂದು ದಸ್ತಗೀರಸಾಬನ ಪಿಕಪ್ಪಿನಲ್ಲಿ ಮಲಗಿಸಿಕೊಂಡು ಹೊರಟೆವು. ಹಳ್ಳದ ನಡುವೆ ಇಂಜಿನ್ನಿಗೆ ನೀರು ಹೊಕ್ಕು ಗಾಡಿ ನಿಂತುಬಿಟ್ಟಿತು. ಊರ ಗಂಡಸರು ಹಗ್ಗ ಕಟ್ಟಿ ಹಿಂದಕ್ಕೆ ಎಳೆದರು. ದಂಡೆಗೆ ಬರುವಷ್ಟರಲ್ಲಿ ಕೂಸಿನ ಕತೆ ಮುಗಿದಿತ್ತು. ಗಂಗವ್ವ ಉಳಿದದ್ದೇ ದೊಡ್ಡದು ಎಂದರು. ಆಮೇಲೆ ಅವಳು ಬಹಳ ದಿನ ಕಟ್ಟೆಗೆ ಬಂದು ಕೂತರೂ ಯಾರ ಮೇಲೂ ದೂರು ಹೇಳಲಿಲ್ಲ.

ಈ ದಸ್ತಗೀರಸಾಬ ಇಳಕಲ್ಲಿನವನು. ಅಲ್ಲಿಂದ ನೂಲು ತಂದು ಊರಿನ ಮಗ್ಗಗಳಿಗೆ ಕೊಟ್ಟು, ನೇಯ್ದ ಸೀರೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದ. ಅವನ ಪಿಕಪ್ಪು ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ್ದು. ಒಂದು ಬಾಗಿಲಿಗೆ ಚಿಲಕವಿರಲಿಲ್ಲ, ಹಗ್ಗ ಕಟ್ಟಿದ್ದ. ಹಾರ್ನ್ ಬೇಡವೇ ಬೇಡ, ಅದು ಬರುವ ಸಪ್ಪಳ ಅರ್ಧ ಹರದಾರಿಯಿಂದಲೇ ಕೇಳುತ್ತಿತ್ತು. ಹಳ್ಳ ಬಂದಾಗ ಅವನು ಆ ದಂಡೆಯಲ್ಲೇ ನಿಂತು ಕೈಯಾಡಿಸಿ ವಾಪಸು ಹೋಗುತ್ತಿದ್ದ. ನೂಲಿಲ್ಲದೆ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಮಳೆಗಾಲದಲ್ಲಿ ಆ ಊರು ಎಷ್ಟು ಸುಮ್ಮನಾಗುತ್ತಿತ್ತೆಂದರೆ ನನ್ನ ಸ್ಟೋವಿನ ಸಪ್ಪಳಕ್ಕೆ ನಾನೇ ಬೆಚ್ಚುತ್ತಿದ್ದೆ.

ಆ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಗಂಗವ್ವ ಮತ್ತೆ ಏಳು ತಿಂಗಳ ಬಸುರಿ. ದಿನ ತುಂಬುವುದು ಸರಿಯಾಗಿ ಹಳ್ಳ ತುಂಬುವ ಹೊತ್ತಿಗೇ. ಮಳೆಗೆ ಮುಂಚೆ ಇಳಕಲ್ಲಿನಲ್ಲಿರುವ ಅವಳ ಚಿಕ್ಕವ್ವನ ಮನೆಗೆ ಕಳಿಸಿರೆಂದು ನೀಲವ್ವನಿಗೆ ಪರಿಪರಿಯಾಗಿ ಹೇಳಿದೆ. ತವರೂ ಅಲ್ಲದ, ಗಂಡನ ಮನೆಯೂ ಅಲ್ಲದ ಕಡೆ ಹೆರಿಗೆಯಾದರೆ ಮನೆತನಕ್ಕೆ ಕಡಿಮೆ ಎಂದು ಆಕೆ ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ದಸ್ತಗೀರಸಾಬನ ಮೇಲೆ ಹಾಕಿದೆ. ಅವನು ನನ್ನ ಕಟ್ಟೆಯ ನೆರಳಿಗೆ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ್ದ.

"ಅಲ್ರಿ ಸಾಬ್ರ, ಹಳ್ಳಂತೂ ತಗ್ಗಾಗಂಗಿಲ್ಲ. ಗಾಡೀನ ಎತ್ತರ ಮಾಡಾಕ ಬರಂಗಿಲ್ಲೇನು?" ಎಂದೆ.

"ಗಾಡಿ ಏನ್ ಆಡಿನ ಮರಿ ಅಂತ ತಿಳದೀರೇನ್ರಿ ಅಕ್ಕಾರ, ತಪ್ಪಲಾ ಹಾಕಿ ಬೆಳಸಾಕ" ಎಂದು ಅವನು ನಕ್ಕ. ಆದರೆ ಬೀಡಿ ಮುಗಿಸಿ, ಗಾಡಿಯ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದ. ಹೋಗುವಾಗ ನಗಲಿಲ್ಲ.

ನನ್ನ ಮನೆಯ ಮಗ್ಗುಲಿಗೇ ಕಮ್ಮಾರ ಈರಣ್ಣನ ಕುಲುಮೆ. ಮುಂದಿನ ಸಲ ಬಂದಾಗ ದಸ್ತಗೀರಸಾಬ ಗಾಡಿಯ ತುಂಬ ಹಳೆಯ ಕಬ್ಬಿಣ ಹೇರಿಕೊಂಡು ಬಂದು ಅಲ್ಲಿ ಇಳಿಸಿದ. ಮುರಿದ ಲಾರಿಯೊಂದರ ಕಮಾನು ಪಟ್ಟಿಗಳು ಅವು. ಗಾಡಿಯ ಭಾರವೆಲ್ಲ ಆ ಪಟ್ಟಿಗಳ ಮೇಲೇ ಕೂಡುತ್ತದೆಂದು ನನಗೆ ಗೊತ್ತಾದದ್ದೇ ಆಗ. ಇಷ್ಟು ವರ್ಷದ ಭಾರಕ್ಕೆ ಪಿಕಪ್ಪಿನ ಪಟ್ಟಿಗಳು ಚಪ್ಪಟೆಯಾಗಿ, ಗಾಡಿ ಕುಕ್ಕರಗಾಲಿನಲ್ಲಿ ಕೂತಿತ್ತು. ಹಳೆಯದನ್ನು ಬಿಚ್ಚಿ, ಕಾಸಿ, ಮತ್ತೆ ಬಿಲ್ಲಿನಂತೆ ಬಗ್ಗಿಸಿ, ಅದರ ಹೊಟ್ಟೆಗೆ ಲಾರಿಯ ಪಟ್ಟಿ ಸೇರಿಸುವುದು. ಅಚ್ಚಿಗೂ ಕಮಾನಿಗೂ ನಡುವೆ ಕಬ್ಬಿಣದ ದಿಮ್ಮಿ ಇಡುವುದು. ಅಷ್ಟನ್ನೂ ಹಿಡಿದಿಡಲು ಉದ್ದನೆಯ ಬೋಲ್ಟು ಹೊಸದಾಗಿ ಬಡಿಯುವುದು. ಇದು ಅವರಿಬ್ಬರ ಲೆಕ್ಕ. ಈರಣ್ಣ ಜನ್ಮದಲ್ಲಿ ಕುಂಟೆ, ಕೂರಿಗೆ, ಕುಡಗೋಲು ಬಿಟ್ಟು ಬೇರೆ ಮಾಡಿದವನಲ್ಲ. ಮೊದಲನೆಯ ಪಟ್ಟಿಯನ್ನು ಅವನು ಎಷ್ಟು ಬಗ್ಗಿಸಿದನೆಂದರೆ, ಅದಕ್ಕೆ ಹಗ್ಗ ಕಟ್ಟಿದರೆ ಕೂಸಿಗೆ ತೊಟ್ಟಿಲಾದೀತು ಎಂದು ದಸ್ತಗೀರಸಾಬ ಆಡಿಕೊಂಡ.

ಕೆಲಸವೆಲ್ಲ ನನ್ನ ಕಟ್ಟೆಯ ಮುಂದೆಯೇ ನಡೆಯಿತು. ಗಾಲಿ ಕಳಚಿದ ಗಾಡಿ ಕಲ್ಲುಗಳ ಮೇಲೆ ಮಲಗಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಅದರ ಮೋರೆಯೇ ಕಾಣುತ್ತಿತ್ತು. ತಿದಿ ಒತ್ತಲು ಕೈ ಕಡಿಮೆಯೆಂದು ಓಣಿಯ ಗಂಡಸರು ಬರತೊಡಗಿದರು. ಬಂದವರು ನನ್ನ ಕಟ್ಟೆಯ ಮೇಲೆ ಕೂತರು. ನನ್ನನ್ನು ಕಂಡು ಓಡುತ್ತಿದ್ದವರೇ ನನ್ನ ಮನೆಯ ನೀರು ಕೇಳಿ ಕುಡಿದರು, ಚಹಾ ಮಾಡಿಕೊಟ್ಟರೆ ಸಕ್ಕರೆ ಕಡಿಮೆಯಾಯಿತೆಂದರು. ಬಣವೆಯಲ್ಲಿ ಸೀನಿದವನು ತಾನೇ ಆ ಕತೆಯನ್ನು ಎತ್ತಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಗಂಗವ್ವ ಬಾಗಿಲ ಒಳಬದಿಗೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಾದ ಕಬ್ಬಿಣವನ್ನು ಎಣ್ಣೆಗೆ ಅದ್ದಿದಾಗ ಏಳುವ ಹೊಗೆ ನನ್ನ ಹಾಸಿಗೆಗೂ, ಅನ್ನಕ್ಕೂ ಹತ್ತಿತ್ತು. ಆ ಕೆಲಸ ಬೇಗ ಮುಗಿಯಲಿ ಎಂದು ಬಾಯಿಂದ ಹೇಳುತ್ತಿದ್ದೆ. ಮುಗಿಯದಿರಲಿ ಎಂದು ಮನಸ್ಸು ಹೇಳುತ್ತಿತ್ತು.

ಆಮೇಲೆ ಟೈರು ಬಂದವು. ಇಳಕಲ್ಲಿನ ಕಲ್ಲಿನ ಗಣಿಗಳಲ್ಲಿ ಓಡಿ ಸವೆದ ಯಾವುದೋ ದೊಡ್ಡ ಗಾಡಿಯವು. ಅದಕ್ಕೆ ಒಗ್ಗುವ ಗಾಲಿಯನ್ನು ದಸ್ತಗೀರಸಾಬ ಅಲ್ಲೇ ಕತ್ತರಿಸಿ ಬೆಸೆಸಿಕೊಂಡು ತಂದಿದ್ದ. ಕೂಡಿಸಿ ಇಳಿಸಿದರೆ ಗಾಡಿ ಎದ್ದು ನಿಂತಿತು. ಸ್ಟೇರಿಂಗ್ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ತಿಕ್ಕಿ ರಬ್ಬರು ಸುಟ್ಟ ವಾಸನೆ ಊರೆಲ್ಲ ಹರಡಿತು. ಈರಣ್ಣ ಉಳಿ ಹಚ್ಚಿ ಮಡ್‌ಗಾರ್ಡನ್ನೇ ಕೊರೆದು ತೆಗೆದ. ಬ್ರೇಕಿನ ಪೈಪು ಎತ್ತರಕ್ಕೆ ಸಾಲದೆ ಎಳೆದುಕೊಂಡಿತು, ಅದಕ್ಕೆ ಉದ್ದನೆಯದು ತರಲು ಮತ್ತೊಮ್ಮೆ ಇಳಕಲ್ಲಿಗೆ ಚಕ್ಕಡಿ ಹೋಯಿತು. ಒಂದು ವಾರ ಓಡಿಸಿ ಬಂದ ದಸ್ತಗೀರಸಾಬ ಗಂಭೀರವಾಗಿ ನನಗೊಂದು ಸುದ್ದಿ ಹೇಳಿದ. ಗಾಲಿ ದೊಡ್ಡದಾದ್ದರಿಂದ ಅವು ಸುತ್ತುವುದು ಕಡಿಮೆಯಾಗಿ, ಮೀಟರಿನಲ್ಲಿ ಮೈಲು ಕಡಿಮೆ ಏರುತ್ತದಂತೆ. "ಹುನಗುಂದ ಮೊದಲಿಗಿಂತ ಹತ್ರ ಬಂದೈತ್ರಿ ಅಕ್ಕಾರ, ಬೇಕಾದ್ರ ಮೀಟರ್ ನೋಡ್ರಿ" ಎಂದ.

ಆ ಹೊತ್ತಿಗೆ ಮಳೆ ಹಿಡಿದಿತ್ತು. ಗಂಡಸರು ಒಂದು ಜಾಲಿಯ ಗಳ ಹಿಡಿದು ಹಳ್ಳಕ್ಕಿಳಿದು ನೀರಿನ ಮಟ್ಟ ಗುರುತು ಹಾಕಿದರು. ಗಳವನ್ನು ಗಾಡಿಗೆ ಹಚ್ಚಿ ನೋಡಿ, ಇಂಜಿನ್ನು ಮೇಲಿದೆ, ಹಿಂದೆ ಸಾಮಾನು ಹೇರುವ ಪಾಟಿ ಮೇಲಿದೆ ಎಂದು ತಲೆಯಾಡಿಸಿದರು. ದಸ್ತಗೀರಸಾಬ ಫ್ಯಾನಿನ ಬೆಲ್ಟು ಕಳಚಿದ, ನೀರು ಎರಚಬಾರದೆಂದು. ಹಿಂದೆ ಜೋಳದ ಚೀಲ ಹೇರಿ, ನಿಧಾನಕ್ಕೆ ಇಳಿಸಿದ. ಗಾಡಿ ವಾಲಿತು, ಕೆಮ್ಮಿತು, ಆಚೆ ದಂಡೆ ಹತ್ತಿ ನಿಂತು ಹೊಗೆ ಬಿಟ್ಟಿತು. ಈರಣ್ಣನಿಗೆ ಮಾಲೆ ಹಾಕಿದರು, ಗಾಡಿಗೂ ಹಾಕಿದರು. ಚೀಲ ಹೇರಿದರು, ನೂಲಿನ ಗಂಟು ಹೇರಿದರು, ಆಡು ಕೂಡ ಹೇರಿದರು. ಎಲ್ಲ ಅಳೆದಿದ್ದರು. ಆದರೆ ಯಾರ ಸಲುವಾಗಿ ಇಷ್ಟೆಲ್ಲವೋ ಅವಳನ್ನು ಒಬ್ಬರೂ ಅಳೆದಿರಲಿಲ್ಲ. ನಾನೂ ಅಳೆದಿರಲಿಲ್ಲ ಅನ್ನಿ.

ಅದು ಗೊತ್ತಾದದ್ದು ಗಂಗವ್ವನಿಗೆ ಬೇನೆ ಎದ್ದ ದಿನ. ಬೆಳಗಿನ ಹೊತ್ತು, ಹನಿಮಳೆ. ಹೊಟ್ಟೆ ಮುಟ್ಟಿ ನೋಡಿದೆ, ಈ ಸಲವೂ ಕೂಸಿನ ತಲೆ ಮೇಲಿತ್ತು. ಪುಣ್ಯಕ್ಕೆ ದಸ್ತಗೀರಸಾಬ ಆ ರಾತ್ರಿ ಊರಿನಲ್ಲೇ ಉಳಿದಿದ್ದ. ಹೇಳಿ ಕಳಿಸಿದ ಕೂಡಲೆ ಗಾಡಿ ನೀಲವ್ವನ ಮನೆಯ ಮುಂದೆ ಬಂದು ನಿಂತಿತು. ಹಿಂದಿನ ಪಾಟಿಯಲ್ಲಿ ಹುಲ್ಲು ಹರವಿ, ಮೇಲೆ ಕೌದಿ ಹಾಸಿ, ತಾಡಪತ್ರಿ ಕಟ್ಟಿದ್ದರು. ಗಂಗವ್ವ ಹೊರಗೆ ಬಂದು ಗಾಡಿಯನ್ನು ನೋಡಿದಳು. ಪಾಟಿಯ ಅಂಚು ಅವಳ ಎದೆಗೆ ಬರುತ್ತಿತ್ತು. ತುಂಬಿದ ಹೊಟ್ಟೆ, ಇಳಕಲ್ ಸೀರೆ, ನಿಂತಲ್ಲಿ ನಿಲ್ಲಗೊಡದ ಬೇನೆ.

ಜೋಳದ ಚೀಲ ತಂದು ಹಾಕಿದರು, ಅದರ ಮೇಲೆ ಕಾಲಿಟ್ಟರೆ ಜಾರಿತು. ಕುರ್ಚಿ ತಂದರು, ಅದು ಎರೆಮಣ್ಣಿನಲ್ಲಿ ಮೊಳಕಾಲತನಕ ಇಳಿಯಿತು. ಎತ್ತಿ ಕೂಡಿಸಬೇಕು. ಯಾರು ಎತ್ತುವುದು? ಮೈದುನರು ಮುಟ್ಟುವಂತಿಲ್ಲ. ಮಾವ ಮುಖ ತಿರುಗಿಸಿ ನಿಂತ. ಗಂಡ ಬಸಪ್ಪ ಹಿರಿಯರ ಮುಂದೆ ಹೆಂಡತಿಯ ಕೈ ಕೂಡ ಹಿಡಿದವನಲ್ಲ, ಈಗ ಅವಳನ್ನು ಎದೆಗವಚಿ ಎತ್ತುವುದು ಹೇಗೆ? ಮುಂದೆ ಬಂದ, ಅವ್ವನ ಮುಖ ನೋಡಿದ, ಹಿಂದೆ ಸರಿದ. ಕಬ್ಬಿಣ ಬಗ್ಗಿಸಿದ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು. ಆಗ ಗಂಗವ್ವ ಸುತ್ತಲೂ ನೋಡಿ, ಯಾರಿಗೂ ಅಲ್ಲದಂತೆ ಒಂದು ಮಾತು ಹೇಳಿದಳು.

"ಹ್ವಾದ ವರ್ಷ ಹಳ್ಳ ಅಡ್ಡ ಬಂತು. ಈ ವರ್ಷ ಗಾಡೀನ ಅಡ್ಡ ಬಂತು."

ಅದನ್ನು ಕೇಳಿ ನನಗೆ ತಲೆ ಓಡಿತು. ಗಾಡಿಯನ್ನು ನನ್ನ ಮನೆಗೆ ಹಿಂದು ಹಿಂದಾಗಿ ಒಯ್ಯಲು ದಸ್ತಗೀರಸಾಬನಿಗೆ ಕೂಗಿ ಹೇಳಿದೆ. ಗಂಗವ್ವನ ಕೈಯನ್ನು ನನ್ನ ಹೆಗಲಿಗೆ ಹಾಕಿಕೊಂಡು ಓಣಿಯುದ್ದಕ್ಕೂ ನಡೆಸಿದೆ. ಬೇನೆ ಬಂದಾಗ ನಿಲ್ಲುವುದು, ಹೋದಾಗ ನಡೆಯುವುದು. ಕಟ್ಟೆಯ ಮೆಟ್ಟಿಲನ್ನು ಅವಳು ದಿನಾ ಹತ್ತಿ ರೂಢಿಯಾದವಳು, ಹೆಜ್ಜೆ ತಪ್ಪಲಿಲ್ಲ. ಗಾಡಿಯ ಪಾಟಿ ಕಟ್ಟೆಯ ಅಂಚಿಗೆ ಬಂದು ತಾಗಿತು. ಎರಡೂ ಒಂದೇ ಮಟ್ಟ. ನಾನು ಬೈಯುತ್ತಿದ್ದ ಕಟ್ಟೆ ಅದಕ್ಕೆಂದೇ ಕಟ್ಟಿದಂತಿತ್ತು. ಗಂಗವ್ವ ಹೊಸ್ತಿಲು ದಾಟಿದಷ್ಟೇ ಸಲೀಸಾಗಿ ಗಾಡಿಯೊಳಗೆ ನಡೆದು ಹೋದಳು.

ನಾನು, ನೀಲವ್ವ, ಬಸಪ್ಪ ಜೊತೆಗೆ ಹತ್ತಿದೆವು. ಹಳ್ಳದಲ್ಲಿ ನೀರು ಕೆಂಪಗೆ ಸುಳಿ ತಿರುಗುತ್ತಿತ್ತು. ಎತ್ತರದ ಗಾಡಿ ಒಮ್ಮೆ ಎಡಕ್ಕೆ ಎಷ್ಟು ವಾಲಿತೆಂದರೆ ನೀಲವ್ವ ಬಸವಣ್ಣನನ್ನೂ, ಬಸಪ್ಪ ತುಳಸಿಗೇರಿ ಹನುಮಪ್ಪನನ್ನೂ, ಮುಂದೆ ಕೂತ ದಸ್ತಗೀರಸಾಬ ಅಲ್ಲಾನನ್ನೂ ಒಟ್ಟಿಗೇ ಕರೆದರು. ನಾನು ಗಂಗವ್ವನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಕೂಸು ಒದೆಯುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ. ಗಾಡಿ ಆಚೆ ದಂಡೆ ಹತ್ತಿತು.

ದವಾಖಾನೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡರು. ಜೊತೆಗೆ ಹೊರಟ ನನ್ನನ್ನು ಅಲ್ಲಿನ ಸಿಸ್ಟರು ಬಾಗಿಲಲ್ಲೇ ತಡೆದು, ಇನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಹೊರಗಿರಿ ಎಂದಳು. ಒಳ್ಳೆಯ ಮಾತಿನಲ್ಲೇ ಹೇಳಿದಳು. ಅವರ ಕೆಲಸ ಅವರು ಮಾಡಬೇಕು. ಆದರೂ ಆ ಬಾಗಿಲು ಮುಚ್ಚಿದಾಗ ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮಧ್ಯಾಹ್ನದ ಮೇಲೆ ಒಳಗಿನಿಂದ ಕೂಸಿನ ಅಳು ಕೇಳಿತು. ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿ ಹೋದರು. ನೀಲವ್ವ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನೀರು ಏರುವುದರೊಳಗೆ ಹಳ್ಳ ದಾಟಬೇಕೆಂದು ದಸ್ತಗೀರಸಾಬ ಅವಸರ ಮಾಡುತ್ತಿದ್ದ. ನೀಲವ್ವ, ಬಸಪ್ಪ ಅಲ್ಲೇ ಉಳಿದರು, ಕೂಸನ್ನು ನೋಡದೆಯೇ ನಾನು ಗಾಡಿ ಹತ್ತಿದೆ. ಹುಲ್ಲಿನ ಮೇಲೆ ಹರವಿದ ಕೌದಿ ಹಾಗೇ ಇತ್ತು, ಅದರ ಪಕ್ಕ ಒಬ್ಬಳೇ ಕೂತು ಊರಿಗೆ ಬಂದೆ.

ಹಸಿ ಬಾಣಂತಿ, ಹಸುಗೂಸು ಹರಿಯುವ ನೀರು ದಾಟಬಾರದು. ಹಾಗಾಗಿ ಗಂಗವ್ವ ಅಲ್ಲಿಂದಲೇ ಇಳಕಲ್ಲಿನ ಚಿಕ್ಕವ್ವನ ಮನೆಗೆ ಹೋದಳು. ಹೆರಿಗೆಗೆ ಕಡಿಮೆಯಾಗಿದ್ದ ಆ ಮನೆ ಬಾಣಂತನಕ್ಕೆ ಸರಿಹೋಯಿತು. ಇನ್ನು ಐದನೆಯ ತಿಂಗಳಿಗೇ ಬರುವುದು ಎಂದರು. ನೀನೇ ಹೋಗಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕರೆಯದೆ ಬಾಣಂತಿಯ ಕೋಣೆಗೆ ನನ್ನಂಥವಳು ಹೇಗೆ ಹೋಗುವುದು?

ಅಂದಿನಿಂದ ಊರಿನ ರೀತಿ ಬದಲಾಯಿತು. ಬೇನೆ ಎದ್ದರೆ ಸಾಕು, ಗಾಡಿಗೆ ಹೇಳಿ ಕಳಿಸುತ್ತಿದ್ದರು. ಸುಲಭದ ಹೆರಿಗೆಗಳೂ ಹಳ್ಳ ದಾಟಿದವು. ಮುಂದೆ ನನ್ನನ್ನು ಜೊತೆಗೆ ಕರೆಯುವುದೂ ನಿಂತಿತು. ಅಲ್ಲಿ ಹೇಗೂ ಹೊರಗೇ ನಿಲ್ಲಬೇಕಲ್ಲ, ಸುಮ್ಮನೆ ತ್ರಾಸು ಯಾಕೆ ಎಂದು ಪ್ರೀತಿಯಿಂದಲೇ ಹೇಳಿದರು. "ಅಕ್ಕಾರ, ಕಟ್ಟಿಗೆ ಬರಾಕತ್ತೇವ್ರಿ" ಎಂದು ಮುಂಚಿತವಾಗಿ ಹೇಳಿ ಕಳಿಸುತ್ತಿದ್ದರು. ಮೊದಲೆಲ್ಲ ನರ್ಸಮ್ಮನ ಹತ್ತಿರ ಎನ್ನುತ್ತಿದ್ದರು, ಈಗ ಕಟ್ಟೆಗೆ ಎನ್ನತೊಡಗಿದರು. ಬಸುರಿಯರು ಅಷ್ಟೇ ಅಲ್ಲ, ಇಳಕಲ್ ಸಂತೆಗೆ ಹೋಗುವವರು, ಮಹಾಕೂಟಕ್ಕೆ ಹೋಗುವ ಮುದುಕಿಯರು, ಎಲ್ಲರೂ ನನ್ನ ಕಟ್ಟೆಯಿಂದಲೇ ಹತ್ತುವುದು. ಬೆಳಗ್ಗೆ ಕಟ್ಟೆಯ ತುಂಬ ಜನ, ಎಲೆಅಡಿಕೆ, ನಗೆ, ಜಗಳ. ನಾನು ಎಲ್ಲರಿಗೂ ಕೈಕೊಟ್ಟು ಹತ್ತಿಸುತ್ತಿದ್ದೆ. ಗಾಡಿ ಹೊರಟಾಗ ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದೆ. ಅದು ಹಳ್ಳ ದಾಟಿ ಮರೆಯಾದ ಮೇಲೆ ಒಂಟಿ ಕೊಡದ ಮೇಲೆ ಒಂಟಿ ತಂಬಿಗೆ, ನಾನು. ನೂಲು ಬರುತ್ತಿದ್ದರಿಂದ ಆ ಮಳೆಗಾಲ ಮಗ್ಗಗಳು ನಿಲ್ಲಲಿಲ್ಲ. ಇಡೀ ಊರಿನ ಸಪ್ಪಳ ಕೇಳುತ್ತಿತ್ತು. ಹಿಂದಿನ ಮಳೆಗಾಲದ ಮೌನಕ್ಕಿಂತ ಅದೇ ನನಗೆ ಹೆಚ್ಚು ಕಷ್ಟವಾಯಿತು. ಊರು ಸುಮ್ಮನಿದ್ದಾಗ ಎಲ್ಲರೂ ಒಂಟಿಯಾಗಿರುತ್ತಿದ್ದರು.

ಸಂಜೆ ಕಟ್ಟೆಯ ಅಂಚಿಗೆ ಕೂತು ಗಂಗವ್ವನ ದಾರಿ ನೋಡುತ್ತಿದ್ದೆ. ಆ ಕೂಸಿನ ಮುಖ ಒಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ. ಎಷ್ಟೋ ಕೂಸುಗಳನ್ನು ಹಿಡಿದ ಕೈ ನನ್ನದು. ಆದರೆ ಇದು ನನ್ನ ಸಲುವಾಗಿಯೂ ಹುಟ್ಟಿದೆ ಎಂದು ಅನಿಸಿದ್ದು ಅದೊಂದೇ ಕೂಸಿಗೆ. ದಸ್ತಗೀರಸಾಬನನ್ನು ಕೇಳಿದರೆ ಅವನು, ದಪ್ಪ ಐತ್ರಿ, ಭಾಳ ಅಳತೈತ್ರಿ ಎಂದಷ್ಟೇ ಹೇಳುತ್ತಿದ್ದ. ಗಂಡಸರಿಗೆ ಕೂಸಿನ ಬಗ್ಗೆ ಇನ್ನೇನು ಹೇಳಲು ಬರುತ್ತದೆ?

ಸಂಕ್ರಾಂತಿ ಮುಗಿದ ಮೇಲೆ ನನ್ನ ವರ್ಗಾವಣೆಯಾಯಿತು. ಹೆರಿಗೆಗಳೇ ಇಲ್ಲದ ಊರಿಗೆ ನರ್ಸ್ ಯಾಕೆಂದು ನನ್ನನ್ನು ತುಳಸಿಗೇರಿಯ ಆಚೆಯ ಒಂದು ಊರಿಗೆ ಹಾಕಿದರು. ಅವರ ಲೆಕ್ಕ ತಪ್ಪೇನಲ್ಲ. ಗಾಡಿ ಎತ್ತರ ಮಾಡಿರೆಂದು ಹೇಳಿದವಳು ನಾನೇ. ಹೊರಡುವ ದಿನ ಟ್ರಂಕು, ಹಾಸಿಗೆ ಸುರುಳಿ ಬಾಗಿಲ ಬದಿಗೆ ಇಟ್ಟುಕೊಂಡು ಗಾಡಿಯ ದಾರಿ ಕಾಯುತ್ತಿದ್ದೆ. ಊರ ಹೆಂಗಸರೆಲ್ಲ ಕಟ್ಟೆಯ ಮುಂದೆ ಬಂದು ಸೇರತೊಡಗಿದರು. ನನ್ನನ್ನು ಕಳಿಸಲು ಬಂದರೆಂದು ಕಣ್ಣು ತುಂಬಿ ಬಂತು. ಆಮೇಲೆ ಮಾತು ಕೇಳಿದಾಗ ಗೊತ್ತಾಯಿತು, ಅದೇ ಗಾಡಿಯಲ್ಲಿ ಗಂಗವ್ವ ಬರುತ್ತಿದ್ದಳು.

ಗಾಡಿ ಹಿಂದು ಹಿಂದಾಗಿ ಬಂದು ಕಟ್ಟೆಗೆ ತಾಗಿತು. ಗಂಗವ್ವ ಮೈಕೈ ತುಂಬಿಕೊಂಡಿದ್ದಳು. ಕೂಸಿಗೆ ತಲೆಯಿಂದ ಕಾಲತನಕ ಸೆರಗು ಹೊದಿಸಿ ಎದೆಗೊತ್ತಿಕೊಂಡಿದ್ದಳು. ಮನೆಯ ಹೊಸ್ತಿಲಲ್ಲಿ ಆರತಿಯಾಗುವತನಕ ಕೂಸಿನ ಮುಖ ತೆರೆಯುವಂತಿಲ್ಲ. ಎಲ್ಲರಿಗೂ ಕೊಡುವಂತೆ ಅವಳಿಗೂ ಕೈಕೊಟ್ಟೆ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕಟ್ಟೆಗೆ ಕಾಲಿಟ್ಟಳು. ಸೆರಗಿನ ಅಂಚಿನಿಂದ ಕೂಸಿನ ಒಂದು ಹಿಮ್ಮಡಿ ಹೊರಗೆ ಚಾಚಿತ್ತು. ಕಾಡಿಗೆಯ ಬೊಟ್ಟು ಇಟ್ಟಿದ್ದರು. ಅಷ್ಟು ನೋಡಿದೆ.

"ಈಗ ಮುಖ ತೋರಸಾಕ ಬರಂಗಿಲ್ರಿ ಅಕ್ಕಾರ" ಎಂದು ಅವಳು ಕಿವಿಯಲ್ಲಿ ಹೇಳಿದಳು. "ಸಂಜಿಮುಂದ ಕರಕೊಂಡು ಬರ್ತೇನಿ. ನೀವು ಎತ್ಗೊಂಡು ಕುಂದರೀರಂತ. ಎಲ್ಲೂ ಹೋಗಬ್ಯಾಡ್ರಿ ಮತ್ತ."

ಅವಳಿಗೆ ನನ್ನ ವರ್ಗದ ಸುದ್ದಿ ಯಾರೂ ಹೇಳಿರಲಿಲ್ಲ. ಟ್ರಂಕು ಅವಳ ಬೆನ್ನ ಹಿಂದೆಯೇ ಇತ್ತು. ಕೂಸಿನೊಡನೆ ಮನೆಗೆ ಬರುವವಳ ಮುಂದೆ ಹೋಗುವ ಮಾತು ಆಡಬಾರದು.

"ಬಾರವ್ವ" ಎಂದೆ.

ಹೆಂಗಸರು ಅವಳನ್ನು ಸುತ್ತುವರಿದು, ಹಾಡು ಹೇಳುತ್ತ ಓಣಿಯೊಳಗೆ ಕರೆದುಕೊಂಡು ಹೋದರು. ಈರಣ್ಣ ಕುಲುಮೆ ಬಿಟ್ಟು ಹಿಂದೆ ಹೋದ. ಮಗ್ಗಗಳು ಒಂದೊಂದಾಗಿ ನಿಂತವು. ದಸ್ತಗೀರಸಾಬ ನನ್ನ ಟ್ರಂಕು ಎತ್ತುವವನು ತಡೆದು ನಿಂತು, "ಹೋಗಿ ಕೂಸಿನ ನೋಡಿ ಬರ್ರಿ ಅಕ್ಕಾರ, ನಾ ನಿಲ್ತೇನಿ" ಎಂದ. ಆರತಿ ಮುಗಿಯುವುದರೊಳಗೆ ಹುನಗುಂದದ ಬಸ್ಸು ತಪ್ಪುತ್ತದೆ ಎಂದೆ. ಅವನು ನನ್ನ ಬರಿಯ ಹಣೆಯನ್ನು ನೋಡಿದ, ಟ್ರಂಕು ಎತ್ತಿ ಗಾಡಿಯಲ್ಲಿಟ್ಟ.

ಬಾಗಿಲಿಗೆ ಕೀಲಿ ಹಾಕಿ ಗಾಡಿಗೆ ಕಾಲಿಟ್ಟೆ. ಎಷ್ಟು ಜನರಿಗೆ ಕೈಕೊಟ್ಟು ಹತ್ತಿಸಿದ್ದೆ, ನನಗೆ ಯಾರ ಕೈಯೂ ಬೇಕಾಗಲಿಲ್ಲ. ಒಂದೇ ಮಟ್ಟ, ಒಂದು ಹೆಜ್ಜೆ. ಗಾಡಿ ಹಳ್ಳದ ಕಡೆ ಇಳಿಯುವಾಗ ರೂಢಿಯಂತೆ ಹೊರಳಿ ಕೈ ಎತ್ತಿದೆ. ಹೋಗುವವರಿಗೆ ಕೈ ಬೀಸಲು ಆ ಕಟ್ಟೆಯ ಮೇಲೆ ಯಾವಾಗಲೂ ನಾನು ಇರುತ್ತಿದ್ದೆ. ಅವತ್ತು ಅಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಗಂಗವ್ವ ಕೂಸಿನ ಮುಖದ ಮೇಲಿನ ಸೆರಗು ತೆಗೆದು, ಮೆಟ್ಟಿಲು ಹತ್ತಿ, ನನ್ನ ಬಾಗಿಲಿಗೆ ಬಂದಿರಬೇಕು.